ಭಾಮಿನಿಗೆ ಪ್ರಸ್ತಾರ ಹಾಕುವ ಪ್ರೋಗ್ರಾಮ್: ಹವ್ಯಾಸಕ್ಕೆ ಕೋಡ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಕೋಡ್ ಬರೆಯಲು ಕಲಿತವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ: ಆಫೀಸಿನ ಕೆಲಸ ಬಿಟ್ಟು ನನಗೋಸ್ಕರ ಏನು ಬರೆಯಲಿ? ಟು-ಡೂ ಲಿಸ್ಟ್, ಕ್ಯಾಲ್ಕುಲೇಟರ್, ಹವಾಮಾನ ತೋರಿಸುವ ಆಪ್, ಇವೆಲ್ಲ ಕಲಿಕೆಗೆ ಸರಿ. ಆದರೆ ಮುಗಿಸಿದ ಮೇಲೆ ಅವನ್ನು ಮತ್ತೆ ತೆರೆಯುವವರು ಕಡಿಮೆ. ಕನ್ನಡ ಪದ್ಯದ ರುಚಿ ಸ್ವಲ್ಪವಾದರೂ ಇರುವವರಿಗೆ ನಾನು ಸೂಚಿಸುವುದು ಒಂದೇ ಪ್ರಾಜೆಕ್ಟ್: ಪದ್ಯಕ್ಕೆ ಪ್ರಸ್ತಾರ ಹಾಕುವ, ಅಂದರೆ ಪ್ರತಿ ಅಕ್ಷರ ಲಘುವೋ ಗುರುವೋ ಎಂದು ಗುರುತು ಹಾಕುವ ಪ್ರೋಗ್ರಾಮ್. "ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರು ಬರೆಯಿರಿ" ಎಂದು ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದಲ್ಲ, ಅದೇ ಕೆಲಸ.

ಇದು ಹವ್ಯಾಸಕ್ಕೆ ಹೇಳಿ ಮಾಡಿಸಿದ ಕೆಲಸ. ನಿಯಮಗಳು ಕಡಿಮೆ, ಗಟ್ಟಿಯಾಗಿವೆ. ಉತ್ತರ ಸರಿಯೋ ತಪ್ಪೋ ಎಂದು ಬಾಯಲ್ಲಿ ಹೇಳಿಯೇ ನೋಡಬಹುದು. ಕೆಲಸ ಒಂದೆರಡು ವಾರಾಂತ್ಯದಲ್ಲಿ ಒಂದು ರೂಪಕ್ಕೆ ಬರುತ್ತದೆ. ಆಮೇಲೆ ನೀವೇ ಪದ್ಯ ಬರೆಯಲು ಕೂತಾಗ ಅದು ಪಕ್ಕದಲ್ಲಿರುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಡೀ ಲೇಖನ ಅದರ ಮೇಲೇ ನಿಂತಿದೆ: ಈ ಪ್ರೋಗ್ರಾಮ್ ತೀರ್ಪು ಕೊಡಬಾರದು. ಎಲ್ಲಿ ಅನುಮಾನ ಇದೆ ಎಂದು ತೋರಿಸಬೇಕು. ತೀರ್ಮಾನ ಕಿವಿಯದ್ದು.

ಉದಾಹರಣೆಗಳಿಗೆ ನಾನು ಪೈಥಾನ್ ಇಟ್ಟುಕೊಂಡಿದ್ದೇನೆ. ನಿಮಗೆ ಜಾವಾಸ್ಕ್ರಿಪ್ಟ್ ಜಾಸ್ತಿ ಪರಿಚಯವಿದ್ದರೆ ಅದರಲ್ಲೇ ಬರೆಯಿರಿ, ತರ್ಕ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ನಿಯಮ ಕಾಗದದ ಮೇಲೆ

ಎಡಿಟರ್ ತೆರೆಯುವ ಮೊದಲು ನಿಯಮಗಳನ್ನು ಕೈಯಲ್ಲಿ ಬರೆದುಕೊಳ್ಳಿ. ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆಯೇ ಮಾತ್ರೆ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಅಕ್ಷರ ಗುರುವಾಗಲು ನಾಲ್ಕು ಕಾರಣಗಳು. ಅದರಲ್ಲಿ ದೀರ್ಘ ಸ್ವರ ಇರಬಹುದು. ಐ, ಔ ಕೂಡ ಈ ಗುಂಪಿಗೇ ಸೇರುತ್ತವೆ. ಅನುಸ್ವಾರ ಅಥವಾ ವಿಸರ್ಗ ಇರಬಹುದು. ಅಕ್ಷರ ವ್ಯಂಜನದಲ್ಲಿ ಮುಗಿಯಬಹುದು. ಇಲ್ಲವೇ ಅದರ ಮುಂದಿನ ಅಕ್ಷರ ಒತ್ತಕ್ಷರವಾಗಿರಬಹುದು. ಈ ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಲಘು.

ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆ. ಹೀಗೆ ಒಡೆಯುವ ಒಂದೊಂದು ಗುಂಪು ಒಂದು ಗಣ. 3 ಮತ್ತು 6ನೇ ಸಾಲಿನಲ್ಲಿ 3+4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಗಣದ ಆರಂಭದಲ್ಲಿ ಲಘು ಆದ ಕೂಡಲೇ ಗುರು ಬರಬಾರದು. ಎಲ್ಲ ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು, ಅದು ಆದಿಪ್ರಾಸ.

ಇಷ್ಟನ್ನು ಬರೆದುಕೊಂಡು ಒಂದು ಪದ್ಯಕ್ಕೆ ಪೆನ್ಸಿಲ್‌ನಲ್ಲಿ ಪ್ರಸ್ತಾರ ಹಾಕಿ. ಗದುಗಿನ ಭಾರತದ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ. ಕನ್ನಡ ಬಲ್ಲ ಎಷ್ಟೋ ಜನರಿಗೆ ಬಾಯಿಗೆ ಬರುತ್ತದೆ, ಮುಂದೆ ಕಾಣುವಂತೆ ನಮ್ಮ ಎಲ್ಲ ತೊಡಕುಗಳೂ ಅದೊಂದರಲ್ಲೇ ಇವೆ.

ಎರಡನೇ ಹೆಜ್ಜೆ: ಕಂಪ್ಯೂಟರ್ ಕನ್ನಡವನ್ನು ಹೇಗೆ ಇಟ್ಟುಕೊಳ್ಳುತ್ತದೆ

"ಸಜ್ಜನ" ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್ ಅನ್ನು ಕೇಳಿ. 5 ಎನ್ನುತ್ತದೆ. ನಮಗೆ ಕಾಣುವುದು ಮೂರೇ ಅಕ್ಷರ. "ಶ್ರೀ" ಕೇಳಿದರೆ 4 ಎನ್ನುತ್ತದೆ, ನಮಗೆ ಅದು ಒಂದೇ. ಕಾರಣ ಇಷ್ಟೇ: ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ನಮ್ಮ ಅಕ್ಷರವನ್ನು ಇಡಿಯಾಗಿ ಇಟ್ಟುಕೊಳ್ಳುವುದಿಲ್ಲ, ಬಿಡಿಭಾಗಗಳಾಗಿ ಇಟ್ಟುಕೊಳ್ಳುತ್ತದೆ. ಶ, ವಿರಾಮ (ಕ್ ಎನ್ನುವಾಗ ಮೇಲೆ ಬರುವ ಚಿಹ್ನೆ), ರ, ಈಕಾರದ ಚಿಹ್ನೆ, ಹೀಗೆ ನಾಲ್ಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗಗಳಿವೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ನಮಗೆ ಬೇಕಾದ ಸಂಖ್ಯೆಗಳು ಇವು: ಅನುಸ್ವಾರ 3202, ವಿಸರ್ಗ 3203. ಅ ಇಂದ ಔ ತನಕದ ಸ್ವರಗಳು 3205ರಿಂದ 3220. ಕ ಇಂದ ಹ ತನಕದ ವ್ಯಂಜನಗಳು 3221ರಿಂದ 3257. ಕಾಗುಣಿತದ ಚಿಹ್ನೆಗಳು 3262ರಿಂದ 3276. ವಿರಾಮ 3277. ಹಳಗನ್ನಡದ ೞ ಮಾತ್ರ ಗುಂಪಿನಿಂದ ದೂರ 3294ರಲ್ಲಿದೆ. ಹಳಗನ್ನಡ ಓದುವ ಆಸೆಯಿದ್ದರೆ ಅದನ್ನು ವ್ಯಂಜನದ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಬೇಕು.

ಚಿಹ್ನೆಗಳನ್ನು ಕೋಡಿನಲ್ಲಿ ನೇರವಾಗಿ ಟೈಪ್ ಮಾಡಬೇಡಿ. ಎಡಿಟರ್‌ನಲ್ಲಿ ಅವು ಪಕ್ಕದ ಉದ್ಧರಣ ಚಿಹ್ನೆಗೋ ಅಲ್ಪವಿರಾಮಕ್ಕೋ ಅಂಟಿಕೊಂಡು ಓದಲಾರದ ಹಾಗೆ ಕಾಣುತ್ತವೆ. ಸಂಖ್ಯೆಯನ್ನೇ ಬರೆಯಿರಿ, ಪಕ್ಕದಲ್ಲಿ ಕನ್ನಡದಲ್ಲೊಂದು ಟಿಪ್ಪಣಿ ಹಾಕಿ.

ಸಂತೋಷದ ಸಂಗತಿ ಎಂದರೆ ಯೂನಿಕೋಡ್ ಉಚ್ಚಾರದ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ. "ಧರ್ಮ" ಎಂದು ಬರೆದಾಗ ಅರ್ಕಾವತ್ತು ಮ ಆದ ಮೇಲೆ ಕಾಣುತ್ತದೆ, ಆದರೆ ಒಳಗೆ ಇರುವುದು ಧ, ರ, ವಿರಾಮ, ಮ. ಅಂದರೆ ಅರ್ಕಾವತ್ತಿಗೆ ಬೇರೆ ನಿಯಮವೇ ಬೇಡ.

ಮೂರನೇ ಹೆಜ್ಜೆ: ಪಠ್ಯ ತೊಳೆಯುವುದು

ಇದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ಕಾರಣ ಗೊತ್ತಾಗದ ತಪ್ಪುಗಳು ಬರುತ್ತಲೇ ಇರುತ್ತವೆ. ಇಂಟರ್ನೆಟ್ಟಿನಲ್ಲಿ ಸಿಗುವ ಕನ್ನಡ ಪಠ್ಯ ಕಣ್ಣಿಗೆ ಸರಿಯಾಗಿ ಕಂಡರೂ ಒಳಗೆ ಹಲವು ಬಗೆಯಲ್ಲಿರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿರುತ್ತಾರೆ. ಎರಡೂ ನೋಡಲು ಒಂದೇ ಥರ. ಅಂಕಿಯ ಸಂಖ್ಯೆ 3302, ಅನುಸ್ವಾರದ್ದು 3202. ಪ್ರೋಗ್ರಾಮ್‌ಗೆ ಇವೆರಡೂ ಬೇರೆ ಬೇರೆ. ಹಾಗಾಗಿ "ಸಂಜೆ" ಎಂಬ ಪದದ ಸಂ ಗುರುವಾಗುವ ಬದಲು ಲಘುವಾಗಿಬಿಡುತ್ತದೆ. ಕನ್ನಡ ಅಕ್ಷರ ಆದ ಕೂಡಲೇ ಅಂಕಿ ಸೊನ್ನೆ ಬಂದಿದ್ದರೆ ಅದನ್ನು ಅನುಸ್ವಾರಕ್ಕೆ ಬದಲಾಯಿಸಿ.

ಎರಡನೆಯದು ದೀರ್ಘದ ಚಿಹ್ನೆ. "ಕೀ" ಎಂಬಲ್ಲಿನ ಈಕಾರ 3264 ಎಂಬ ಒಂದೇ ಸಂಖ್ಯೆಯಾಗಿರಬಹುದು, ಇಲ್ಲವೇ 3263 ಮತ್ತು 3285 ಎಂಬ ಎರಡು ತುಂಡಾಗಿರಬಹುದು. ಓಕಾರವಂತೂ ಮೂರು ತುಂಡಾಗಿರಲು ಸಾಧ್ಯ. ಪೈಥಾನ್ ಜೊತೆಗೇ ಬರುವ ಯೂನಿಕೋಡ್ ದತ್ತಾಂಶದ ಮಾಡ್ಯೂಲ್‌ನಲ್ಲಿ ಇದನ್ನು ಸರಿಮಾಡುವ ಫಂಕ್ಷನ್ ಇದೆ. ಕೂಡಿಸಿದ ರೂಪವನ್ನು ಆರಿಸಿಕೊಂಡು ಇಡೀ ಪಠ್ಯವನ್ನು ಅದರ ಮೂಲಕ ಹಾಯಿಸಿದರೆ ಸಾಕು.

ಮೂರನೆಯದು ಕಣ್ಣಿಗೆ ಕಾಣದ ಜೋಡಕಗಳು, 8204 ಮತ್ತು 8205. "ಪೈಥಾನ್‌ನಲ್ಲಿ" ಎಂಬಲ್ಲಿ ನ್ ಕೆಳಗೆ ಒತ್ತು ಬಾರದಂತೆ ತಡೆಯುವುದು ಇಂಥದ್ದೇ ಒಂದು. ಮಾತ್ರೆಯ ಲೆಕ್ಕಕ್ಕೆ ಇವು ಬೇಡ, ಅಳಿಸಿಬಿಡಿ. ಜ಼, ಫ಼ ಎಂದು ಬರೆಯುವಾಗಿನ ಕೆಳಚುಕ್ಕೆ 3260 ಕೂಡ ಹಾಗೇ. ಪೂರ್ಣವಿರಾಮ, ಅಲ್ಪವಿರಾಮ, ಪದ್ಯದ ಕೊನೆಯ ದಂಡ, ಅಂಕಿಗಳು ಎಲ್ಲ ಹೋಗಲಿ. ಪದಗಳ ನಡುವಿನ ಖಾಲಿ ಜಾಗ ಮಾತ್ರ ಉಳಿಯಲಿ. ಅದರಿಂದ ಮುಂದೆ ಬಹಳ ಉಪಯೋಗವಿದೆ.

ಫೈಲ್ ತೆರೆಯುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಓದುವಾಗಲೇ ಎಡವಬಹುದು. ಫಲಿತಾಂಶವನ್ನು ಕಪ್ಪು ಪರದೆಯ ಟರ್ಮಿನಲ್‌ನಲ್ಲಿ ನೋಡಬೇಡಿ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ, ನಿಮ್ಮ ಕೋಡ್ ತಪ್ಪಿದೆಯೋ ಪರದೆ ತಪ್ಪಿದೆಯೋ ತಿಳಿಯುವುದಿಲ್ಲ. ಒಂದು ಎಚ್‌ಟಿಎಂಎಲ್ ಫೈಲಿಗೆ ಬರೆದು ಬ್ರೌಸರ್‌ನಲ್ಲಿ ತೆರೆಯಿರಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಸಿಕ್ಕರೆ ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿರುವ ಪಠ್ಯ ಯೂನಿಕೋಡ್‌ನಲ್ಲೇ ಇರುವುದರಿಂದ ಶುರು ಮಾಡಲು ಅದೇ ಸುಲಭ.

ನಾಲ್ಕನೇ ಹೆಜ್ಜೆ: ಅಕ್ಷರ ಬಿಡಿಸುವುದು

ಈಗ ಪ್ರೋಗ್ರಾಮ್‌ನ ಮುಖ್ಯ ಭಾಗ. ಒಂದು ಪದವನ್ನು ತೆಗೆದುಕೊಂಡು ಸಂಖ್ಯೆ ಸಂಖ್ಯೆಯಾಗಿ ನಡೆಯುತ್ತಾ ಹೋಗಿ. ನಿಯಮ ಹೀಗೆ:

ಸ್ವರ ಬಂದರೆ ಹೊಸ ಅಕ್ಷರ ಶುರು.
ವ್ಯಂಜನ ಬಂದಾಗ, ಅದರ ಹಿಂದಿನದು ವಿರಾಮವಾಗಿದ್ದರೆ ಈಗಿರುವ ಅಕ್ಷರಕ್ಕೇ ಸೇರಿಸಿ. ಇಲ್ಲದಿದ್ದರೆ ಹೊಸ ಅಕ್ಷರ ಶುರು.
ಕಾಗುಣಿತದ ಚಿಹ್ನೆ, ವಿರಾಮ, ಅನುಸ್ವಾರ, ವಿಸರ್ಗ ಬಂದರೆ ಈಗಿರುವ ಅಕ್ಷರಕ್ಕೇ ಸೇರಿಸಿ.
ಪದ ಮುಗಿದಾಗ ಕೊನೆಯ ಅಕ್ಷರ ವಿರಾಮದಲ್ಲಿ ನಿಂತಿದ್ದರೆ ಅದನ್ನು ಹಿಂದಿನ ಅಕ್ಷರಕ್ಕೆ ಕೂಡಿಸಿ, "ವ್ಯಂಜನಾಂತ" ಎಂದು ಗುರುತು ಹಾಕಿ.

"ಸಜ್ಜನ" ಹಾಕಿ ನೋಡಿ. ಸ ಹೊಸದು. ಜ ಹೊಸದು. ವಿರಾಮ ಅದಕ್ಕೇ ಸೇರಿತು. ಮುಂದಿನ ಜ ವಿರಾಮ ಆದ ಕೂಡಲೇ ಬಂದಿದ್ದರಿಂದ ಅದೂ ಸೇರಿತು. ನ ಹೊಸದು. ಸಿಕ್ಕಿದ್ದು ಸ, ಜ್ಜ, ನ. ಬಾಯಲ್ಲಿ ಹೇಳುವುದೂ ಹೀಗೇ ಅಲ್ವಾ?

ಐದನೇ ಹೆಜ್ಜೆ: ಲಘು, ಗುರು

ನಾಲ್ಕು ಕಾರಣಗಳನ್ನು ನಾಲ್ಕು ಷರತ್ತುಗಳಾಗಿ ಬರೆಯಿರಿ. ಮೊದಲ ಮೂರಕ್ಕೆ ಆಯಾ ಅಕ್ಷರದೊಳಗೇ ನೋಡಿದರೆ ಆಯಿತು. ನಾಲ್ಕನೆಯದಕ್ಕೆ ಮುಂದಿನ ಅಕ್ಷರವನ್ನು ನೋಡಬೇಕು, ಅಲ್ಲೇ ಒಂದು ಸೂಕ್ಷ್ಮ ಇದೆ.

"ಮುಂದಿನ ಅಕ್ಷರದಲ್ಲಿ ಎಲ್ಲಾದರೂ ವಿರಾಮ ಇದ್ದರೆ ಈ ಅಕ್ಷರ ಗುರು" ಎಂದು ಬರೆದರೆ "ಸಜ್ಜನ"ಕ್ಕೆ ಸರಿಯಾಗುತ್ತದೆ. ಆದರೆ "ಬಿಸಿಲ್" ಹಾಕಿದಾಗ ಕೆಡುತ್ತದೆ. ಇಲ್ಲಿ ಅಕ್ಷರಗಳು ಬಿ ಮತ್ತು ಸಿಲ್. ಸಿಲ್‌ನಲ್ಲಿ ವಿರಾಮ ಇದೆ, ಆದರೆ ಅದು ಕೊನೆಯಲ್ಲಿದೆ. ಸಿಲ್ ಒತ್ತಕ್ಷರ ಅಲ್ಲ. ಬಿ ಲಘುವಾಗಿಯೇ ಉಳಿಯಬೇಕು, ಒಟ್ಟು ಮೂರು ಮಾತ್ರೆ. ಹಾಗಾಗಿ ಷರತ್ತು ಹೀಗಿರಲಿ: ಮುಂದಿನ ಅಕ್ಷರದ ಎರಡನೇ ಸಂಖ್ಯೆ ವಿರಾಮವಾಗಿದ್ದರೆ ಮಾತ್ರ ಈ ಅಕ್ಷರ ಗುರು.

ಇನ್ನೊಂದು ಜಾಗ ಋಕಾರ. "ಸುಕೃತ" ಎಂಬಲ್ಲಿ ಕೃ ಕಣ್ಣಿಗೆ ಒತ್ತಕ್ಷರದ ಹಾಗೆ ಕಾಣುತ್ತದೆ, ಪೆನ್ಸಿಲ್‌ನಲ್ಲಿ ಪ್ರಸ್ತಾರ ಹಾಕುವವರು ಸು ಮೇಲೆ ಗುರು ಹಾಕುವುದುಂಟು. ಅದು ಸ್ವರಚಿಹ್ನೆ, ಒತ್ತಲ್ಲ. ಪ್ರೋಗ್ರಾಮ್ ಇಲ್ಲಿ ತಾನಾಗಿಯೇ ಸರಿ ಹೇಳುತ್ತದೆ, ಯಾಕೆಂದರೆ ನಡುವೆ ವಿರಾಮವೇ ಇಲ್ಲ. ಮೂರೂ ಲಘು.

ಈ ಹಂತದಲ್ಲೇ ಒಂದು ಪರೀಕ್ಷಾ ಫೈಲ್ ಮಾಡಿಡಿ. ಒಂದೊಂದು ಸಾಲಿನಲ್ಲಿ ಪದ, ಪಕ್ಕದಲ್ಲಿ ಮಾತ್ರೆ: ಶ್ರೀ 2, ಸಜ್ಜನ 4, ಸುಕೃತ 3, ಧರ್ಮ 3, ಬಿಸಿಲ್ 3, ದುಃಖ 3, ಐದು 3, ಕೌರವ 4, ಸಂಜೆ 3. ಕೋಡ್ ಮುಟ್ಟಿದಾಗಲೆಲ್ಲ ಇದನ್ನು ಓಡಿಸಿ. ಹೊಸ ತೊಡಕಿನ ಪದ ಸಿಕ್ಕಾಗ ಪಟ್ಟಿಗೆ ಸೇರಿಸಿ. ಹವ್ಯಾಸದ ಪ್ರಾಜೆಕ್ಟನ್ನು ನಾವು ತಿಂಗಳುಗಟ್ಟಲೆ ಬಿಟ್ಟು ಮತ್ತೆ ಕೈಗೆತ್ತಿಕೊಳ್ಳುತ್ತೇವೆ. ಆಗ ನಮ್ಮ ನೆನಪಿಗಿಂತ ಈ ಫೈಲೇ ನಂಬಿಕಸ್ಥ.

ಆರನೇ ಹೆಜ್ಜೆ: ಗಣ

ಸಾಲಿನ ಒಟ್ಟು ಮಾತ್ರೆ 14 ಬಂದರೆ ಭಾಮಿನಿ ಆಯಿತು ಎಂದು ನಿಲ್ಲಿಸಬೇಡಿ. ನಾನು ಕಟ್ಟಿದ ಈ ಎರಡು ಸಾಲು ನೋಡಿ.

ಮಳೆಯು ಬಂದಿತು ಕೆರೆಯು ತುಂಬಿತು
ಮಳೆ ಬಂದು ನಿಂತು ಕೆರೆ ತುಂಬಿತು

ಎರಡರಲ್ಲೂ ಸರಿಯಾಗಿ 14 ಮಾತ್ರೆ. ಮೊದಲನೆಯದು 3+4+3+4 ಆಗಿ ಸಲೀಸಾಗಿ ಒಡೆಯುತ್ತದೆ. ಎರಡನೆಯದರಲ್ಲಿ ಮ, ಳೆ ಸೇರಿ ಎರಡು ಮಾತ್ರೆ, ಆಮೇಲೆ ಬಂ ಗುರು ಬಂದು ಮೂರರ ಗೆರೆಯನ್ನು ದಾಟಿ ನಾಲ್ಕಕ್ಕೆ ಹೋಯಿತು. ಗಣ ಮುರಿಯಿತು. ಬಾಯಲ್ಲಿ ಹೇಳಿದರೂ ನಡೆ ಎಡವುತ್ತದೆ.

ಹಾಗಾಗಿ ಗಣಗಳ ಪಟ್ಟಿ ಇಟ್ಟುಕೊಂಡು ಎಡದಿಂದ ಕೂಡಿಸುತ್ತಾ ಹೋಗಿ. ಮೊತ್ತ ಗಣದ ಅಳತೆಗೆ ಸರಿಯಾಗಿ ಬಂದರೆ ಗೆರೆ ಎಳೆದು ಮುಂದಿನ ಗಣಕ್ಕೆ ಹೋಗಿ. ಮೀರಿದರೆ ಅಲ್ಲೇ ನಿಂತು ಯಾವ ಅಕ್ಷರದಲ್ಲಿ ಮೀರಿತು ಎಂದು ತೋರಿಸಿ. ಗಣ ಲಘು-ಗುರು ಎಂದು ಶುರುವಾದರೆ ಅದನ್ನೂ ಹೇಳಲಿ. ಗದುಗಿನ ಭಾರತದ ಮೊದಲ ಸಾಲು ಹೀಗೆ ಬರಬೇಕು (– ಗುರು, ∪ ಲಘು):

ಶ್ರೀವ | ನಿತೆಯರ | ಸನೆವಿ | ಮಲರಾ
– ∪ | ∪ ∪ ∪ ∪ | ∪ ∪ ∪ | ∪ ∪ –

ಏಳನೇ ಹೆಜ್ಜೆ: ಅನುಮಾನಗಳಿಗೆ ಜಾಗ ಕೊಡುವುದು

ಇಲ್ಲಿಯವರೆಗೆ ಮಾಡಿದ್ದನ್ನು ಆ ಪದ್ಯದ ಉಳಿದ ಸಾಲುಗಳ ಮೇಲೆ ಓಡಿಸಿ. ಈ ಪ್ರಾಜೆಕ್ಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಮೂರನೇ ಸಾಲು "ಪಾವನನೆ ಸನಕಾದಿ ಸಜ್ಜನನಿಕರ ದಾತಾರ". ಲೆಕ್ಕ 22 ಬರುತ್ತದೆ, ಬೇಕಾದ್ದು 23. ಕೊನೆಯ ರ ಬರಹದಲ್ಲಿ ಲಘು. ಆದರೆ 3 ಮತ್ತು 6ನೇ ಸಾಲಿನ ಕೊನೆಯ ಅಕ್ಷರವನ್ನು ಗುರುವಾಗಿಯೇ ಎಣಿಸಬೇಕು, ಹಾಡುವಾಗ ಅಲ್ಲಿ ನಿಲ್ಲುತ್ತೇವೆ. ಇದು ಖಚಿತ ನಿಯಮ, ಕೋಡಿಗೆ ಹಾಕಿಬಿಡಿ.

ನಾಲ್ಕನೇ ಸಾಲು "ರಾವಣಾಸುರ ಮಥನ ಶ್ರವಣ ಸು". ಮಥನ ಎಂಬುದರ ನ ಆದ ಮೇಲೆ ಶ್ರ ಎಂಬ ಒತ್ತಕ್ಷರ ಬಂದಿದೆ. ನಿಯಮವನ್ನು ಪದದ ಗಡಿ ದಾಟಿಸಿ ಹಚ್ಚಿದರೆ ನ ಗುರುವಾಗಿ 15 ಮಾತ್ರೆ ಆಗುತ್ತದೆ. ಪದಪದವಾಗಿ ನೋಡಿದರೆ ನ ಲಘು, 14 ಸರಿಯಾಗಿ ಬರುತ್ತದೆ. ಇಲ್ಲಿ ಲಘುವೇ ಸರಿ. ಆದರೆ ಇದೇ ಸಾಲನ್ನು ಇನ್ನೊಂದು ಪ್ರತಿಯಲ್ಲಿ ಪದ ಕೂಡಿಸಿ "ಮಥನಶ್ರವಣ" ಎಂದು ಅಚ್ಚು ಹಾಕಿದ್ದರೆ ನಮ್ಮ ಪ್ರೋಗ್ರಾಮ್ ಗುರು ಎನ್ನುತ್ತದೆ. ಬೇರೆ ಪದ್ಯಗಳಲ್ಲಿ ಪದದ ಗಡಿಯಲ್ಲೂ ಗುರುವೇ ಬೇಕಾಗಬಹುದು. ಸಾಲಿನ ಕೊನೆಯಲ್ಲೂ ಇದೇ ಕಥೆ. ಷಟ್ಪದಿಯಲ್ಲಿ ಪದ ಅರ್ಧಕ್ಕೆ ತುಂಡಾಗಿ ಮುಂದಿನ ಸಾಲಿಗೆ ಹರಿಯುತ್ತದೆ, ಇಲ್ಲಿನ "ರಾ / ಜೀವ" ಹಾಗೆ. ಮುಂದಿನ ಸಾಲು ಒತ್ತಕ್ಷರದಿಂದ ಶುರುವಾದರೆ ಈ ಸಾಲಿನ ಕೊನೆಯ ಅಕ್ಷರ ಏನು?

ಇಂಥ ಅಕ್ಷರಗಳನ್ನು ಲಘು ಎಂದೂ ಬರೆಯಬೇಡಿ, ಗುರು ಎಂದೂ ಬರೆಯಬೇಡಿ. "ಅನುಮಾನ" ಎಂಬ ಮೂರನೇ ಗುರುತು ಕೊಡಿ. ಆಮೇಲೆ ಪ್ರೋಗ್ರಾಮ್ ಆ ಅಕ್ಷರಗಳನ್ನು ಎರಡೂ ರೀತಿ ಹಾಕಿ ನೋಡಲಿ. ಒಂದು ಸಾಲಿನಲ್ಲಿ ಮೂರು ಅನುಮಾನ ಇದ್ದರೂ ಎಂಟೇ ಸಾಧ್ಯತೆ, ಕಂಪ್ಯೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಯಾವುದರಲ್ಲಿ ಗಣ ಕೂಡಿಬರುತ್ತದೋ ಅದನ್ನು ಬೇರೆ ಬಣ್ಣದಲ್ಲಿ ತೋರಿಸಿ: "ಈ ನ ಲಘುವಾದರೆ ಸಾಲು ಸರಿ ಹೋಗುತ್ತದೆ". ಓದುವವರು ಬಾಯಲ್ಲಿ ಹೇಳಿ ನೋಡಿ ಒಪ್ಪಲಿ, ಬಿಡಲಿ.

ಹಳಗನ್ನಡದ ಶಿಥಿಲದ್ವಿತ್ವಕ್ಕೂ ಇದೇ ಮದ್ದು. "ಅಮರ್ದು" ಎಂಬ ಪದದಲ್ಲಿ ರ್ದು ಒತ್ತಕ್ಷರ, ನಿಯಮದಂತೆ ಮ ಗುರುವಾಗಬೇಕು. ಆದರೆ ಅಲ್ಲಿ ಒತ್ತನ್ನು ತೇಲಿಸಿ ಹೇಳುವುದರಿಂದ ಮ ಲಘುವಾಗಿ ಉಳಿಯುತ್ತದೆ. ಇಂಥ ಪದಗಳ ಪಟ್ಟಿಯನ್ನು ಪ್ರತ್ಯೇಕ ಫೈಲಿನಲ್ಲಿ ಬೆಳೆಸುತ್ತಾ ಹೋಗಿ, ಕಂಡಲ್ಲಿ ಅನುಮಾನದ ಗುರುತು ಬೀಳಲಿ.

ಕೊನೆಯ ಸಾಲು "ಕಾವುದಾನತ ಜನವ ಗದುಗಿನ ವೀರನಾರಯಣ". ಟೈಪ್ ಮಾಡುವವರು ಅಭ್ಯಾಸಬಲದಿಂದ "ನಾರಾಯಣ" ಎಂದು ಹಾಕಿದರೆ ಒಂದು ಮಾತ್ರೆ ಜಾಸ್ತಿಯಾಗಿ, ಆರು ಗಣ ಮುಗಿದ ಮೇಲೆ ಒಂದು ಗುರುವಿನ ಬದಲು ಯ, ಣ ಎಂಬ ಎರಡು ಅಕ್ಷರ ಉಳಿಯುತ್ತವೆ, ಪ್ರೋಗ್ರಾಮ್ ತಕ್ಷಣ ತೋರಿಸುತ್ತದೆ. ಅಂದರೆ ನಿಮ್ಮ ಕೈಗೆ ಒಳ್ಳೆಯದೊಂದು ಕರಡು ತಿದ್ದುವ ಸಾಧನವೂ ಸಿಕ್ಕ ಹಾಗಾಯಿತು. ವಿಕಿಸೋರ್ಸ್‌ನಂಥ ಕಡೆ ಪಠ್ಯ ತಿದ್ದುವ ಕೆಲಸಕ್ಕೆ ಕೈಜೋಡಿಸುವ ಮನಸ್ಸಿದ್ದರೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಚ್ಚಾದ ಪುಸ್ತಕದ ಜೊತೆ ಹೋಲಿಸಿ ನೋಡದೆ ಮಾತ್ರ ತಿದ್ದಬೇಡಿ.

ಎಂಟನೇ ಹೆಜ್ಜೆ: ಪ್ರಾಸ, ಉಳಿದ ಷಟ್ಪದಿಗಳು

ಪ್ರಾಸ ಸುಲಭ. ಪ್ರತಿ ಸಾಲಿನ ಎರಡನೇ ಅಕ್ಷರದಿಂದ ಸ್ವರಚಿಹ್ನೆ ತೆಗೆದು ಉಳಿದ ವ್ಯಂಜನವನ್ನು ಹೋಲಿಸಿ. ಈ ಪದ್ಯದಲ್ಲಿ ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು, ಆರರಲ್ಲೂ ವಕಾರ. ಮೊದಲ ಅಕ್ಷರಗಳು ಎಲ್ಲವೂ ಗುರು ಆಗಿರಬೇಕು ಅಥವಾ ಎಲ್ಲವೂ ಲಘು. ಎರಡನೆಯದು ಒತ್ತಕ್ಷರವಾದರೆ ಇಡೀ ಒತ್ತಕ್ಷರವನ್ನೇ ಹೋಲಿಸಿ.

ಭಾಮಿನಿಗೆ ಬರೆದ ಕೋಡ್ ಉಳಿದ ಐದಕ್ಕೂ ಸಾಕು. ಮೊದಲ ಸಾಲಿನ ಗಣಗಳು ಶರಕ್ಕೆ 4+4, ಕುಸುಮಕ್ಕೆ 5+5, ಭೋಗಕ್ಕೆ 3+3+3+3, ಪರಿವರ್ಧಿನಿಗೆ 4+4+4+4, ವಾರ್ಧಕಕ್ಕೆ 5+5+5+5. ಮೂರನೇ ಸಾಲು ಯಾವಾಗಲೂ ಮೊದಲ ಸಾಲಿನ ಒಂದೂವರೆ ಪಟ್ಟು, ಮೇಲೊಂದು ಗುರು. ಶರದಲ್ಲಿ 8ಕ್ಕೆ 14, ವಾರ್ಧಕದಲ್ಲಿ 20ಕ್ಕೆ 32. ಆದ್ದರಿಂದ ಮೊದಲ ಸಾಲಿನ ಪಟ್ಟಿಯೊಂದನ್ನು ಕೊಟ್ಟರೆ ಉಳಿದದ್ದನ್ನು ಪ್ರೋಗ್ರಾಮ್ ತಾನೇ ಮಾಡಿಕೊಳ್ಳುತ್ತದೆ. ಯಾವ ಷಟ್ಪದಿ ಎಂದು ಹೇಳದೆ ಪದ್ಯ ಮಾತ್ರ ಕೊಟ್ಟರೂ ಆರನ್ನೂ ಹಾಕಿ ನೋಡಿ ಹೆಸರು ಹೇಳಬಲ್ಲದು. ಕಂದಪದ್ಯಕ್ಕೆ ನಾಲ್ಕು ಸಾಲು, 12, 20, 12, 20 ಮಾತ್ರೆ, ಎಲ್ಲ ನಾಲ್ಕರ ಗಣ. ಅದರ ವಿಶೇಷ ನಿಯಮಗಳನ್ನು ಆಮೇಲೆ ಸೇರಿಸಬಹುದು.

ಒಂಬತ್ತನೇ ಹೆಜ್ಜೆ: ಕೇಳುವುದು, ನೋಡುವುದು, ಬರೆಯುವುದು

ಲಘು-ಗುರುಗಳ ಪಟ್ಟಿ ಕೈಗೆ ಬಂದ ಮೇಲೆ ಸುಮ್ನೆ ಬಿಡಬೇಡಿ, ಅದನ್ನು ಸದ್ದು ಮಾಡಿ. ಪೈಥಾನ್ ಜೊತೆಗೇ ಧ್ವನಿ ಫೈಲ್ ಬರೆಯುವ ಮಾಡ್ಯೂಲ್ ಬರುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಒಂದು ಮಾತ್ರೆಗೆ ಕಾಲು ಸೆಕೆಂಡ್ ಕೊಡಿ, ಅಂದರೆ 11,025 ಮಾದರಿ. ಲಘುವಿಗೆ ಅಷ್ಟು, ಗುರುವಿಗೆ ಅದರ ಎರಡರಷ್ಟು. ಪ್ರತಿ ಗಣದ ಮೊದಲ ಅಕ್ಷರದ ಸದ್ದು ಸ್ವಲ್ಪ ಜೋರಾಗಿರಲಿ. 14 ಮಾತ್ರೆಯ ಸಾಲು ಮೂರೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಭಾಮಿನಿಯ 3+4 ಸೇರಿ 7, ಮಿಶ್ರನಡೆ. ಪದಗಳೇ ಇಲ್ಲದೆ ಬರೀ ಆ ತಟ್ಟುವ ಸದ್ದು ಕೇಳಿದರೂ ಯಾವ ಷಟ್ಪದಿ ಎಂದು ಗೊತ್ತಾಗುತ್ತದೆ. ಇದನ್ನು ಒಮ್ಮೆ ಕೇಳಿಸಿಕೊಂಡವರಿಗೆ ಛಂದಸ್ಸು ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ ಎಂದು ನನ್ನ ನಂಬಿಕೆ.

ಚಿತ್ರವನ್ನೂ ಮಾಡಬಹುದು. ಲಘುವಿಗೆ ಒಂದು ಚೌಕ, ಗುರುವಿಗೆ ಎರಡು ಚೌಕದಷ್ಟು ಅಗಲದ ಪಟ್ಟಿ, ಗಣಕ್ಕೊಂದು ಬಣ್ಣ. 14 ಮಾತ್ರೆಯ ನಾಲ್ಕು ಸಾಲೂ ಒಂದೇ ಅಗಲಕ್ಕೆ ನಿಲ್ಲುತ್ತವೆ. ತಪ್ಪಿದ ಸಾಲು ಅಂಚಿನಿಂದ ಹೊರಗೆ ಚಾಚುತ್ತದೆ, ಇಲ್ಲವೇ ಒಳಗೇ ನಿಲ್ಲುತ್ತದೆ. ನೂರು ಪದ್ಯಗಳ ಚಿತ್ರವನ್ನು ಒಂದರ ಕೆಳಗೊಂದು ಇಟ್ಟರೆ ತಪ್ಪು ಎಲ್ಲಿದೆ ಎಂದು ಓದದೆಯೇ ಕಾಣುತ್ತದೆ.

ಇನ್ನು ಸ್ವಂತ ಪದ್ಯ. ಒಂದು ಬಾಕ್ಸಿನಲ್ಲಿ ಟೈಪ್ ಮಾಡುತ್ತಿದ್ದ ಹಾಗೆ ಕೆಳಗೆ ಪ್ರಸ್ತಾರ ಬದಲಾಗುವಂತೆ ಮಾಡಬೇಕಾದರೆ ಬ್ರೌಸರ್ ಒಳ್ಳೆಯದು; ಒಂದೇ ಎಚ್‌ಟಿಎಂಎಲ್ ಫೈಲ್, ಸರ್ವರ್ ಬೇಡ, ಇಂಟರ್ನೆಟ್ ಬೇಡ. ಯಕ್ಷಗಾನ ಪ್ರಸಂಗಗಳಲ್ಲಿ ಭಾಮಿನಿ, ವಾರ್ಧಕ ಈಗಲೂ ಬರುತ್ತವೆ, ಪ್ರಸಂಗ ಬರೆಯುವ ಪರಿಚಯಸ್ಥರಿದ್ದರೆ ಫೈಲ್ ಅವರ ಫೋನಿಗೆ ಕಳಿಸಿ. ಗಮಕಿಗಳಿಗೆ, ಕನ್ನಡ ಮೇಷ್ಟ್ರಿಗೆ ತೋರಿಸಿ. ಪ್ರೋಗ್ರಾಮ್ ತಪ್ಪು ಎಂದದ್ದನ್ನು ಅವರು ಸರಿಯಾಗಿ ಹಾಡಿ ತೋರಿಸಿದರೆ, ಆ ಸಾಲು ನೇರವಾಗಿ ಪರೀಕ್ಷಾ ಫೈಲಿಗೆ ಹೋಗಲಿ.

ಕೋಡನ್ನು ಗಿಟ್‌ನಲ್ಲಿ ಇಡಿ, ಮುಕ್ತ ಲೈಸೆನ್ಸ್ ಹಾಕಿ, ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಿರಿ. ತೆಲುಗು ಬಲ್ಲ ಗೆಳೆಯರಿದ್ದರೆ ಅವರಿಗೂ ಹೇಳಿ: ತೆಲುಗಿನ ಕ 3093, ನಮ್ಮದು 3221. ಬಹುಪಾಲು ಅಕ್ಷರಗಳಿಗೆ ವ್ಯತ್ಯಾಸ ಇದೇ 128. ಪಠ್ಯಕ್ಕೆ ಅಷ್ಟನ್ನು ಕೂಡಿಸಿದರೆ ಅಕ್ಷರ ಬಿಡಿಸುವ, ಲಘು-ಗುರು ಹಾಕುವ ಭಾಗವೆಲ್ಲ ಹಾಗೆಯೇ ನಡೆಯುತ್ತದೆ. ಗಣಗಳ ಪಟ್ಟಿಯನ್ನು ಮಾತ್ರ ಅವರು ತಮ್ಮ ಛಂದಸ್ಸಿಗೆ ತಕ್ಕಂತೆ ಬರೆದುಕೊಳ್ಳಬೇಕು.